ಬುಸಾನ್ ಬಂದರದಲ್ಲಿ ನೋಡುವದು, ಉಣ್ಣುವದು

ನಮ್ಮ ವಾಚನಾಲಯದಲ್ಲಿ ಸಂಜೆಯ ಹೊತ್ತು ನಕಾಶೆಯ ಪುಸ್ತಕ ತೆರೆದು ಕೂಡ್ರುವವರು ಈಚೆಗೆ ಹೆಚ್ಚಾಗಿದ್ದಾರೆ. ಒಬ್ಬರ ಮಗ ಹಡಗದ ನೌಕರಿಯಲ್ಲಿ, ಇನ್ನೊಬ್ಬರ ಸೊಸೆ ಕಂಪನಿಯ ಕೆಲಸದ ಮೇಲೆ, ಹೀಗೆ ಕೊರಿಯಾ ದೇಶದ ಮಾತು ಮೇಲಿಂದ ಮೇಲೆ ಬರುವದು. ಬುಸಾನಕ್ಕೆ ಹೋದವರು ನೋಡತಕ್ಕದ್ದೇನು, ಅದಕ್ಕಿಂತ ಮುಖ್ಯವಾಗಿ ಅಲ್ಲಿ ಉಣತಕ್ಕದ್ದೇನು ಎಂದು ಕೇಳಿದವರಿಗಾಗಿ ಈ ನಾಲ್ಕು ಮಾತು. ಗಿರಣಿಯಲ್ಲಿ ಲೆಕ್ಕ ಬರೆಯುವ ನಾನು ಆ ಊರನ್ನು ಕಣ್ಣಾರೆ ಕಂಡವನಲ್ಲ; ಓದಿ ತಿಳಿದದ್ದನ್ನು ಒಂದು ಕ್ರಮದಲ್ಲಿ ಇಟ್ಟು ಹೇಳುತ್ತೇನೆ.

ಬುಸಾನ್ ನಮ್ಮ ಮುಂಬಯಿಗೆ ತೀರ ಪರಕೀಯ ಊರಲ್ಲ. 1977ನೆಯ ಇಸವಿಯಿಂದ ಈ ಎರಡು ಶಹರಗಳು ಸೋದರಿ ನಗರಗಳೆನಿಸಿವೆ. ಹಳೆಯ ವರ್ತಮಾನಪತ್ರಗಳಲ್ಲಿ 'ಪುಸಾನ್' ಎಂದು ಅಚ್ಚಾಗುತ್ತಿದ್ದ ಊರೇ ಇದು. ದಕ್ಷಿಣ ಕೊರಿಯಾದಲ್ಲಿ ರಾಜಧಾನಿ ಸಿಯೋಲನ್ನು ಬಿಟ್ಟರೆ ಇದೇ ದೊಡ್ಡದು. ವಸ್ತಿ ಸುಮಾರು 33 ಲಕ್ಷ. ದೇಶದ ಆಗ್ನೇಯ ಮೂಲೆಯಲ್ಲಿ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ, ನಡುವಿನ ಇಕ್ಕಟ್ಟಿನಲ್ಲಿ ಊರು. ಸಿಯೋಲದಿಂದ ವೇಗದ ರೇಲ್ವೆಯಲ್ಲಿ ಹೊರಟರೆ ಎರಡೂವರೆ ತಾಸಿನ ಸುಮಾರಿಗೆ ಬುಸಾನ್ ನಿಲ್ದಾಣದಲ್ಲಿ ಇಳಿಯಬಹುದು.

ಆದರೆ ಈ ಊರಿನ ಒಂದು ಗುಟ್ಟನ್ನು ತಿಳಿಯದೆ ಅಲ್ಲಿ ಏನು ನೋಡಿದರೂ, ಏನು ಉಂಡರೂ ಅರ್ಧವೇ ಸರಿ. ಅದು ಮೂರು ವರ್ಷದ ಕಥೆ. 1950ರ ಜೂನ್ 25ರಂದು ಕೊರಿಯಾದ ಯುದ್ಧ ಹೊತ್ತಿತು. ಉತ್ತರದ ಸೈನ್ಯ ಮೂರೇ ದಿನಗಳಲ್ಲಿ ಸಿಯೋಲನ್ನು ಹಿಡಿಯಿತು. ಆ ವರ್ಷದ ಆಗಸ್ಟದ ಹೊತ್ತಿಗೆ ದಕ್ಷಿಣದವರ ಕೈಯಲ್ಲಿ ಉಳಿದದ್ದು ನಕ್ತೋಂಗ್ ಹೊಳೆಯ ಈಚೆಗಿನ ಒಂದು ಮೂಲೆ ಮಾತ್ರ. ಆ ಮೂಲೆಯ ಬಂದರವೇ ಬುಸಾನ್. ಸರಕಾರ ಇಲ್ಲಿಗೆ ಬಂತು, ಶಾಲೆ ಕಾಲೇಜುಗಳು ಬಂದವು, ಜನವಂತೂ ಲಕ್ಷಗಟ್ಟಲೆ ಬಂದರು. ಆ ಡಿಸೆಂಬರದಲ್ಲಿ 'ಮೆರೆಡಿತ್ ವಿಕ್ಟರಿ' ಎಂಬ ಸಾಮಾನಿನ ಹಡಗ ಉತ್ತರದ ಹಂಗ್ನಾಮ್ ಬಂದರದಿಂದ ಸುಮಾರು 14,000 ನಿರಾಶ್ರಿತರನ್ನು ತುಂಬಿಕೊಂಡು ಬುಸಾನಕ್ಕೆ ಬಂದರೆ, ಇಳಿಸಲು ಜಾಗವಿಲ್ಲವೆಂದು ಹತ್ತಿರದ ಗೋಜೆ ದ್ವೀಪಕ್ಕೆ ಕಳಿಸಬೇಕಾಯಿತು. ಯುದ್ಧಕ್ಕೆ ಮೊದಲು ಐದು ಲಕ್ಷದ ಒಳಗಿದ್ದ ವಸ್ತಿ 1955ರಲ್ಲಿ ಹತ್ತು ಲಕ್ಷವನ್ನು ದಾಟಿತ್ತು. ಆ ಜನ ಎಲ್ಲಿ ಮಲಗಿದರು, ಏನು ಮಾರಿದರು, ಏನು ಉಂಡರು ಎಂಬುದೇ ಇಂದು ಪ್ರವಾಸಿಗಳು ನೋಡುವ ಬುಸಾನ್.

ಭಾರತದವರಿಗೂ ಈ ಕಥೆಯಲ್ಲಿ ಒಂದು ಪಾಲುಂಟು. ನಮ್ಮ ಸೈನ್ಯದ 60ನೆಯ ಪ್ಯಾರಾಶೂಟ್ ವೈದ್ಯಕೀಯ ತುಕಡಿ 1950ರ ನವೆಂಬರದಲ್ಲಿ ಹಡಗದಿಂದ ಇಳಿದದ್ದು ಈ ಬಂದರದಲ್ಲಿಯೇ. (ಕೊಡಗಿನ ಜನರಲ್ ತಿಮ್ಮಯ್ಯನವರು ಯುದ್ಧ ಕೈದಿಗಳ ಆಯೋಗದ ಅಧ್ಯಕ್ಷರಾಗಿ ಹೋದದ್ದು 1953ರಲ್ಲಿ, ಅದು ಬೇರೆ ಸ್ಥಳ, ಬೇರೆ ಕಥೆ.) ಯುದ್ಧದಲ್ಲಿ ಮಡಿದ ನಾನಾ ದೇಶಗಳ ಸೈನಿಕರಲ್ಲಿ ಎರಡು ಸಾವಿರಕ್ಕೂ ಮಿಕ್ಕಿದವರನ್ನು ಹೂಳಿದ ವಿಶ್ವಸಂಸ್ಥೆಯ ಸ್ಮಶಾನವೂ ಬುಸಾನದಲ್ಲಿದೆ. 1951ರಲ್ಲಿ ಮಾಡಿದ್ದು. ಹುಲ್ಲು, ಕಲ್ಲು, ಹೆಸರು, ಇಷ್ಟೇ. ಹೋದವರು ಅರ್ಧ ತಾಸು ಅಲ್ಲಿ ನಿಲ್ಲುವದು ಒಳ್ಳೆಯದು.

ಇನ್ನು ಪೇಟೆಗಳು. ಜಾಗಾಲ್ಚಿ ಎಂಬುದು ಮೀನದ ಪೇಟೆ, ದೇಶಕ್ಕೆಲ್ಲ ಹೆಸರಾದದ್ದು. ಕೆಳಗಿನ ಅಂತಸ್ತಿನಲ್ಲಿ ನೀರಿನ ತೊಟ್ಟಿಗಳಲ್ಲಿ ಜೀವಂತ ಮೀನ. ಆರಿಸಿ ತೂಗಿಸಿಕೊಂಡರೆ ಮೇಲಿನ ಅಂತಸ್ತಿನಲ್ಲಿ ಕೊಯ್ದು ಬಡಿಸುವರು. ವ್ಯಾಪಾರವೆಲ್ಲ ಬಹುಮಟ್ಟಿಗೆ ಹೆಂಗಸರದು. ಯುದ್ಧಕಾಲದಲ್ಲಿ ಗಂಡನನ್ನೋ ಊರನ್ನೋ ಕಳಕೊಂಡು ಬುಟ್ಟಿ ಹಿಡಿದು ಕುಳಿತ ಹೆಂಗಸರಿಂದ ಈ ಪೇಟೆ ಬೆಳೆಯಿತು. 'ಜಾಗಾಲ್ಚಿ ಅಜಿಮೆ' ಎಂದು ಅವರನ್ನು ಕರೆಯುವರು; ಅಜಿಮೆ ಎಂದರೆ ಅಲ್ಲಿಯ ಆಡುಮಾತಿನಲ್ಲಿ ಅತ್ತೆ, ಅಕ್ಕ, ಬಾಯಿ ಎಂದ ಹಾಗೆ. ಭಾವುಚಾ ಧಕ್ಕೆಯಲ್ಲಿ ಕೋಳಿ ಹೆಂಗಸರೊಡನೆ ಚೌಕಾಸಿ ಮಾಡಿ ಸೋತವರಿಗೆ ಅವರ ಗಂಟಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ.

ಜಾಗಾಲ್ಚಿಯ ಎದುರಿಗೆ ರಸ್ತೆ ದಾಟಿ ಒಳಗೆ ಹೋದರೆ ಗುಕ್ಜೆ ಪೇಟೆ. 1945ರಲ್ಲಿ ಜಪಾನೀಯರು ಬಿಟ್ಟುಹೋದ ಸಾಮಾನುಗಳನ್ನು ಬಯಲಲ್ಲಿ ಹರಡಿ ಮಾರಿದ್ದರಿಂದ ಇದು ಹುಟ್ಟಿ, ನಿರಾಶ್ರಿತರು ಬಂದ ಮೇಲೆ ಶಹರದ ದೊಡ್ಡ ಸಂತೆಯಾಯಿತು. ಈ ಪೇಟೆಯ ಹೆಸರಿನಲ್ಲಿಯೇ 2014ರಲ್ಲಿ ಬಂದ ಚಲಚ್ಚಿತ್ರವನ್ನು ಕೊರಿಯಾದವರು ಅಳುತ್ತ ನೋಡಿದರು. ಅದಕ್ಕೆ ಅಂಟಿಕೊಂಡದ್ದು ಕ್ಕಾಂಗ್ತೋಂಗ್ ಪೇಟೆ. ಹೆಸರಿನ ಅರ್ಥ ತಗಡಿನ ಡಬ್ಬಿ! ಅಮೇರಿಕದ ಸೈನ್ಯದ ಉಗ್ರಾಣದಿಂದ ಹೊರಬಂದ ಡಬ್ಬಿಯ ಆಹಾರ ಇಲ್ಲಿ ಮಾರಾಟವಾಗುತ್ತಿದ್ದುದರಿಂದ ಆ ಹೆಸರು. ಈಗ ರಾತ್ರಿಯ ತಿಂಡಿಗಳಿಗೆ ಹೆಸರುವಾಸಿ.

ಊಟದ ಮಾತಿಗೆ ಬರೋಣ. ಬುಸಾನದವರು ತಮ್ಮದೆಂದು ಎದೆ ತಟ್ಟಿ ಹೇಳುವ ಪದಾರ್ಥಗಳು ಎರಡು. ಒಂದು ದ್ವೆಜಿ ಗುಕ್‌ಬಾಪ್. ಗುಕ್ ಎಂದರೆ ಸಾರು, ಬಾಪ್ ಎಂದರೆ ಅನ್ನ. ಸೇರಿದರೆ ನಮ್ಮ ಸಾರನ್ನವೇ. ಆದರೆ ಸಾರು ಹಂದಿಯ ಎಲುಬನ್ನು ತಾಸುಗಟ್ಟಲೆ ಕುದಿಸಿ ತೆಗೆದದ್ದು. ಒಂದು ಬಟ್ಟಲಿನಲ್ಲಿ ಕೂಲಿಯವನ ಹೊಟ್ಟೆ ತುಂಬಿಸುವ ಊಟವಾಗಿ ಅದು ಯುದ್ಧದ ದಿನಗಳಲ್ಲಿ ಊರೆಲ್ಲ ಹಬ್ಬಿತು. ಎರಡನೆಯದು ಮಿಲ್‌ಮ್ಯನ್, ಅಂದರೆ ಗೋದಿಯ ಶಾವಿಗೆ. ಉತ್ತರ ಕೊರಿಯಾದ ಕಡೆಯವರು ಹುರುಳಿಯಷ್ಟೇ ಕಪ್ಪಾದ ಒಂದು ಗುಡ್ಡದ ಧಾನ್ಯದಿಂದ ಶಾವಿಗೆ ಮಾಡಿ ತಣ್ಣಗಿನ ಸಾರಿನಲ್ಲಿ ಉಣ್ಣುವವರು. ಬುಸಾನಕ್ಕೆ ಓಡಿಬಂದಾಗ ಆ ಧಾನ್ಯ ಸಿಗಲಿಲ್ಲ. ಸಿಕ್ಕದ್ದು ಅಮೇರಿಕದ ನೆರವಿನ ಗೋದಿ ಹಿಟ್ಟು. ಅದರಲ್ಲಿಯೇ ಒತ್ತಿದರು. ಇಂದು ಬೇಸಿಗೆಯಲ್ಲಿ ಆ ಶಾವಿಗೆಯ ಅಂಗಡಿಗಳ ಮುಂದೆ ಸಾಲು ನಿಲ್ಲುವರು. ರೇಶನ್ನಿನ ಗೋದಿ ಬಂದ ಕಾಲದಲ್ಲಿ ಜೋಳದ ರೊಟ್ಟಿಯವರು ಏನೇನು ಮಾಡಿ ನೋಡಿದರೆಂಬುದು ನಮ್ಮ ಹಿರಿಯರಿಗೆ ಗೊತ್ತು.

ಮೂರನೆಯದಾಗಿ ಓಮುಕ್ ಎಂಬುದನ್ನೂ ಹೇಳಬೇಕು. ಮೀನವನ್ನು ಅರೆದು, ಹಿಟ್ಟು ಕೂಡಿಸಿ, ಕರಿದು, ಕಡ್ಡಿಗೆ ಪೋಣಿಸಿ ಬಿಸಿ ಸಾರಿನಲ್ಲಿ ನಿಲ್ಲಿಸಿರುವರು. ಕಡ್ಡಿ ಹಿಡಿದು ತಿನ್ನುತ್ತ, ಕಾಗದದ ಪೇಲೆಯಲ್ಲಿ ಆ ಸಾರನ್ನು ಕುಡಿಯುವದು ಚಳಿಗಾಲದ ರಿವಾಜು. ಜಪಾನೀಯರ ಕಾಲದಲ್ಲಿ ಬಂದ ತಿನಿಸು, ಈಗ ಊರಿನದೇ ಆಗಿದೆ.

ಮಾಂಸ ಮೀನ ತಿನ್ನುವವರಿಗೆ ಹೀಗೆ ತೊಂದರೆಯಿಲ್ಲ. ಕಷ್ಟವೆಲ್ಲ ಶಾಕಾಹಾರಿಗಳದು, ಪ್ರಶ್ನೆ ಕೇಳಿದವರಲ್ಲಿ ಹೆಚ್ಚಿನವರು ಅವರೇ ಆದದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುವೆನು. ಕೊರಿಯಾದಲ್ಲಿ ಕಾಯಿಪಲ್ಲೆಗೆ ಕೊರತೆಯಿಲ್ಲ. ಊಟಕ್ಕೆ ಕುಳಿತರೆ ಸಣ್ಣ ಸಣ್ಣ ಬಟ್ಟಲುಗಳಲ್ಲಿ ಪಲ್ಲೆ, ಉಪ್ಪಿನಕಾಯಿಯಂಥವು ತಾವಾಗಿಯೇ ಬರುವವು. ತೀರಿದರೆ ಸಾಮಾನ್ಯವಾಗಿ ಮತ್ತೆ ಪುಕ್ಕಟೆ ನೀಡುವರು, ನಮ್ಮ ಖಾನಾವಳಿಯ ಪದ್ಧತಿಯಂತೆಯೇ. ಆದರೆ ನೋಡಲು ಬರಿಯ ಎಲೆಕೋಸಿನಂತೆ ಕಾಣುವ ಕಿಮ್ಚಿಯಲ್ಲಿ ಉಪ್ಪು ಹಾಕಿ ಕೊಳೆಯಿಸಿದ ಸೀಗಡಿ ಅಥವಾ ಮೀನದ ರಸ ಬಿದ್ದಿರುವದು ರೂಢಿ. ತರಕಾರಿಯ ಸಾರಿಗೂ ಒಣಗಿಸಿದ ಸಣ್ಣ ಮೀನ ಕುದಿಸಿದ ನೀರೇ ಆಧಾರ. 'ಗೊಗಿ' ಎಂದರೆ ಮಾಂಸ, 'ಗೊಗಿ ಪ್ಪೆ ಜುಸೆಯೊ' ಎಂದರೆ ಮಾಂಸ ತೆಗೆದು ಕೊಡಿರಿ ಎಂದು. ಇಷ್ಟು ಹೇಳಿ ನಿಶ್ಚಿಂತರಾದವರು ಮೋಸಹೋಗುವರು. ಏಕೆಂದರೆ ಅವರ ಮಾತಿನಲ್ಲಿ ಗೊಗಿ ಎಂದಾಗ ಮೀನ ಅದರಲ್ಲಿ ಬರುವದಿಲ್ಲ. ಮೀನಕ್ಕೆ 'ಸೆಂಗ್‌ಸನ್' ಎಂದು ಬೇರೆ ಶಬ್ದ. ಅದನ್ನೂ, ಸೀಗಡಿ, ತತ್ತಿ, ಮೀನದ ಸಾರು ಇವನ್ನೂ ಒಂದೊಂದಾಗಿ ಹೆಸರಿಸಿ ಕೊರಿಯದ ಲಿಪಿಯಲ್ಲಿ ಒಂದು ಚೀಟಿ ಬರೆಯಿಸಿಕೊಂಡು ಕಿಸೆಯಲ್ಲಿಟ್ಟುಕೊಳ್ಳುವದೇ ಲೇಸು. ಬಾಯಿಮಾತಿಗಿಂತ ಚೀಟಿ ಗಟ್ಟಿ.

ಚೀಟಿಯೊಡನೆ ಏನು ಕೇಳಬೇಕು? ಬಿಬಿಂಬಾಪ್, ಅಂದರೆ ಅನ್ನದ ಮೇಲೆ ಬಗೆಬಗೆಯ ಪಲ್ಲೆ ಇಟ್ಟು ಮೆಣಸಿನಕಾಯಿಯ ಚಟ್ನಿ ಕಲಸಿ ಉಣ್ಣುವದು. ಮಾಂಸ, ತತ್ತಿ ಬೇಡವೆಂದು ಮೊದಲೇ ಹೇಳಬೇಕು. ಬೇಸಿಗೆಯಲ್ಲಿ ಕೋಂಗುಕ್ಸು: ಸೋಯಾ ಕಾಳನ್ನು ಅರೆದು ತೆಗೆದ ತಣ್ಣಗಿನ ಹಾಲಿನಲ್ಲಿ ಶಾವಿಗೆ. ಕೆಂಪು ಕಾಳಿನ ಅಂಬಲಿ ಪಾತ್ಜುಕ್, ಕುಂಬಳದ ಅಂಬಲಿ ಹೋಬಾಕ್ಜುಕ್. ಇನ್ನು ಮಕ್ಕಳಿಗೂ ದೊಡ್ಡವರಿಗೂ ಸೇರುವದು ಸಿಆತ್ ಹೊತ್ತಕ್. ಗೋದಿ ಹಿಟ್ಟಿನ ಕಣಕದಲ್ಲಿ ಕಂದು ಸಕ್ಕರೆ ತುಂಬಿ ಕರಿದು, ಕತ್ತರಿಯಿಂದ ಹೊಟ್ಟೆ ಸೀಳಿ, ಸೂರ್ಯಕಾಂತಿ ಮುಂತಾದ ಬೀಜಗಳನ್ನು ಒಂದು ಚಮಚೆ ಸುರಿದು ಕೊಡುವರು. ಹೋಳಿಗೆಯ ದೂರದ ದಾಯಾದಿ ಎನ್ನಬಹುದು. ನಾಂಪೊ ಭಾಗದಲ್ಲಿ ಸಿನೇಮಾ ಚೌಕವೊಂದಿದೆ. 1996ರಲ್ಲಿ ಸುರುವಾದ ಬುಸಾನದ ಚಲಚ್ಚಿತ್ರೋತ್ಸವದ ಹೆಸರನ್ನೇ ಅದಕ್ಕಿಟ್ಟಿದ್ದಾರೆ. ಅಲ್ಲಿಯ ಗಾಡಿಗಳಲ್ಲಿ ಇದು ಸಿಕ್ಕುವದು.

ಚಾತುರ್ಮಾಸದಲ್ಲಿ ಉಳ್ಳಾಗಡ್ಡಿ ಬಳ್ಳೊಳ್ಳಿ ಬಿಡುವ ಹಿರಿಯರಿಗೆ ಇನ್ನೊಂದು ಸುದ್ದಿ. ಕೊರಿಯಾದ ಬೌದ್ಧ ಮಠಗಳ ಅಡಿಗೆಯಲ್ಲಿ ಮಾಂಸ ಮೀನಗಳಷ್ಟೇ ಅಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿಗಳೂ ನಿಷಿದ್ಧ. ಬುಸಾನದ ಉತ್ತರಕ್ಕೆ ಗುಮ್ಜಂಗ್ ಗುಡ್ಡದಲ್ಲಿರುವ ಬಮೊಸಾ ಎಂಬ ಮಠ 678ರಲ್ಲಿ ಉಯ್‌ಸಾಂಗ್ ಎಂಬ ಭಿಕ್ಷು ಸ್ಥಾಪಿಸಿದ್ದು. ಆಕಾಶದಿಂದ ಬಂಗಾರದ ಮೀನ ಇಳಿದು ಗುಡ್ಡದ ಮೇಲಿನ ಬಾವಿಯಲ್ಲಿ ಈಜಿತೆಂದು ಕಥೆ. ಹೆಸರಿನಲ್ಲಿಯ 'ಬಮ್' ನಮ್ಮ 'ಬ್ರಹ್ಮ' ಶಬ್ದವನ್ನು ಚೀನೀಯರು ಬರೆದುಕೊಂಡ ಅಕ್ಷರ. ಅಲ್ಲಿ ಒಂದೆರಡು ದಿನ ತಂಗಿ ಭಿಕ್ಷುಗಳ ದಿನಚರಿಯಂತೆ ಇರುವ ಸೌಕರ್ಯವಿದೆ. ಮಠದ ಸಾಂಪ್ರದಾಯಿಕ ಊಟಕ್ಕೆ ನಾಲ್ಕು ಬಟ್ಟಲು. ಬೇಕಾದಷ್ಟೇ ಬಡಿಸಿಕೊಂಡು, ಅಗುಳು ಬಿಡದೆ ಉಂಡು, ಬಟ್ಟಲು ತೊಳೆದ ನೀರನ್ನೂ ಕುಡಿಯಬೇಕು. ಆ ಬಟ್ಟಲಿಗೆ ಅವರು ಇಟ್ಟ ಹೆಸರಿನ ಬೇರು ಸಂಸ್ಕೃತದ 'ಪಾತ್ರ' ಎಂಬುದು.

ಸಮುದ್ರದ ದಂಡೆಯ ಬಂಡೆಗಳ ಮೇಲೆ ಇನ್ನೊಂದು ಗುಡಿ, ಹೆದೋಂಗ್ ಯೊಂಗುಂಗ್ಸಾ. 108 ಮೆಟ್ಟಿಲು ಇಳಿದು ಹೋಗಬೇಕು. 1376ರಲ್ಲಿ ನಾಓಂಗ್ ಎಂಬ ಸಂನ್ಯಾಸಿ ಕಟ್ಟಿಸಿದನೆಂದು ಪ್ರತೀತಿ. ಆತ ಧ್ಯಾನಭದ್ರನೆಂಬ ಭಾರತೀಯ ಭಿಕ್ಷುವಿನಿಂದ ಪಾಠ ಹೇಳಿಸಿಕೊಂಡವನು. ನೆರೆಯ ಗಿಮ್ಹೆ ಊರಿನಲ್ಲಿ, ಆಯುತಾ ಎಂಬ ದೇಶದಿಂದ ಇ. ಸ. 48ರಲ್ಲಿ ಹಡಗದಲ್ಲಿ ಬಂದು ಅಲ್ಲಿಯ ಅರಸನನ್ನು ವರಿಸಿದ ರಾಜಕುಮಾರಿಯ ಗೋರಿ ತೋರಿಸುವರು. ಆಯುತಾ ಎಂದರೆ ನಮ್ಮ ಅಯೋಧ್ಯೆ ಎಂದು ಹಲವರ ನಂಬಿಗೆ. ಕಥೆ ಬರೆದಿಟ್ಟದ್ದು ಹದಿಮೂರನೆಯ ಶತಮಾನದಲ್ಲಿ, ಪಂಡಿತರಲ್ಲಿ ಒಮ್ಮತವಿಲ್ಲ. ಕಥೆಯೆಂದು ಕೇಳಿ ಸಂತೋಷಪಟ್ಟರೆ ಸಾಕು ಎಂದು ನನ್ನ ಅಭಿಪ್ರಾಯ.

ಸಮುದ್ರತೀರಗಳ ಬಗ್ಗೆ ಹೆಚ್ಚು ಬರೆಯುವದಿಲ್ಲ. ಹೆಉಂದೆ, ಗ್ವಾಂಗಾಲ್ಲಿ ಎಂಬ ಮರಳಿನ ದಂಡೆಗಳ ಚಿತ್ರ ಎಲ್ಲೆಲ್ಲಿಯೂ ಸಿಕ್ಕುವದು. ಗ್ವಾಂಗಾಲ್ಲಿಯ ಮುಂದೆ ಸಮುದ್ರದ ಮೇಲೆ ಹಾದ ಸೇತುವೆ 2003ರಲ್ಲಿ ತೆರೆದದ್ದು, ಏಳು ಕಿಲೋಮೀಟರಿಗೂ ಉದ್ದ. ನಮ್ಮ ವರಳಿಯ ಸೇತುವೆಗಿಂತ ಹಿರಿಯದು.

ಅದಕ್ಕಿಂತ ನೋಡತಕ್ಕ ಸೇತುವೆ ಯೊಂಗ್ದೊ. 1934ರಲ್ಲಿ ಕಟ್ಟಿದ್ದು, ಹಡಗ ಹಾಯಲು ಒಂದು ಕಡೆ ಮೇಲಕ್ಕೆ ಏಳುತ್ತಿತ್ತು. ಊರು ಬಿಡುವಾಗ ನಿರಾಶ್ರಿತರು 'ತಪ್ಪಿಸಿಕೊಂಡರೆ ಯೊಂಗ್ದೊ ಸೇತುವೆಯ ಹತ್ತಿರ ಕೂಡೋಣ' ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಹೊರಡುತ್ತಿದ್ದರು. ಬುಸಾನದಲ್ಲಿ ಎಲ್ಲರಿಗೂ ಗೊತ್ತಿದ್ದ ಗುರುತು ಅದೊಂದೇ. ಬಂದವರು ಸೇತುವೆಗೆ ಚೀಟಿ ಅಂಟಿಸಿ ಕಾದರು. ಕಾದು ಬೇಸತ್ತವರಿಗೆ ಶಕುನ ಹೇಳುವವರು ಸೇತುವೆಯ ಬುಡದಲ್ಲಿ ಸಾಲಾಗಿ ಕುಳಿತರು. 1966ರಲ್ಲಿ ಏಳುವದು ನಿಂತಿತು; ಹೊಸದಾಗಿ ಕಟ್ಟಿ 2013ರಿಂದ ಗೊತ್ತಾದ ಹೊತ್ತಿನಲ್ಲಿ ಮತ್ತೆ ಎತ್ತಿ ತೋರಿಸತೊಡಗಿದರು.

ಜಾಗ ಸಾಲದೆ ಗುಡ್ಡ ಹತ್ತಿದವರ ವಸತಿಗಳು ಎರಡು. ಆಮಿದೋಂಗದಲ್ಲಿ ಜಪಾನೀಯರ ಹಳೆಯ ಸ್ಮಶಾನವಿತ್ತು. ನಿರಾಶ್ರಿತರು ಅದರ ಮೇಲೆಯೇ ಮನೆ ಎಬ್ಬಿಸಿದರು. ಗೋರಿಯ ಕಲ್ಲುಗಳು ಮೆಟ್ಟಿಲಾದವು, ಗೋಡೆಯ ಬುನಾದಿಯಾದವು; ಇಂದಿಗೂ ಕಾಣುವವು. ಪಕ್ಕದ ಗಾಮ್‌ಚನ್ 2009ರ ನಂತರ ಚಿತ್ರಕಾರರ ಕೈಯಿಂದ ಬಣ್ಣ ಬಳಿಸಿಕೊಂಡು ಪ್ರಸಿದ್ಧವಾಗಿದೆ. ಒಬ್ಬರ ಮನೆ ಇನ್ನೊಬ್ಬರ ಬೆಳಕಿಗೆ ಅಡ್ಡ ಬಾರದಂತೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಊರು. ಜನ ಈಗಲೂ ಅಲ್ಲಿ ಸಂಸಾರ ಮಾಡಿಕೊಂಡಿದ್ದಾರೆ. ಚಾಳಿನಲ್ಲಿ ಇರುವ ನಮಗೆ ಗೊತ್ತಿರಬೇಕು, ಕಿಡಿಕಿಯಲ್ಲಿ ಇಣಿಕಿ ಫೋಟೋ ತೆಗೆಯುವವರು ಎಷ್ಟು ಬೇಸರ ತರುವರೆಂದು. ಮೆಲ್ಲಗೆ ನಡೆದು ಬರಬೇಕು.

ನಮ್ಮ ವಾಚನಾಲಯದವರು ತಪ್ಪಿಸಬಾರದ ಸ್ಥಳ ಬೋಸುದೋಂಗದ ಪುಸ್ತಕದ ಓಣಿ. ಇದೂ ಆ ಯುದ್ಧದ್ದೇ. ಉತ್ತರದಿಂದ ಬಂದವರು ಅಮೇರಿಕದ ಸೈನಿಕರು ಓದಿ ಎಸೆದ ಮಾಸಿಕಗಳನ್ನೂ ಹಳೆಯ ಪುಸ್ತಕಗಳನ್ನೂ ಕೂಡಿಹಾಕಿ ಅಲ್ಲಿ ಮಾರಲು ಕುಳಿತರು. ಸುತ್ತಲ ಗುಡ್ಡಗಳಲ್ಲಿ ಡೇರೆಯೊಳಗೆ ನಡೆದ ಶಾಲೆ ಕಾಲೇಜುಗಳ ಹುಡುಗರು ಹೋಗುತ್ತ ಬರುತ್ತ ಕೊಂಡರು. ಅಕ್ಕಿಗೆ ದುಡ್ಡಿಲ್ಲದ ಪಂಡಿತರು ತಮ್ಮ ಪುಸ್ತಕಗಳನ್ನು ತಂದು ಮಾರಿದರು. ಒಬ್ಬನ ಹಸಿವೆ ಇನ್ನೊಬ್ಬನ ಪಾಠವಾಯಿತು. ಒಂದು ಕಾಲಕ್ಕೆ ಎಪ್ಪತ್ತರಷ್ಟು ಅಂಗಡಿಗಳಿದ್ದವು. ಈಗ ಕಡಿಮೆಯಾಗಿವೆ; ಆದರೂ ಕೈಗಾಡಿಯಷ್ಟೇ ಅಗಲದ ಓಣಿಯಲ್ಲಿ ಪುಸ್ತಕಗಳು ನೆಲದಿಂದ ಸೂರಿನ ವರೆಗೆ ನಿಂತಿವೆ.

ಹವೆಯ ವಿಷಯ: ಚೆರ್ರಿಯ ಹೂ ಮಾರ್ಚ್ ಕೊನೆಗೆ ಅರಳುವದು; ಜೂನ್ ಕೊನೆಯಿಂದ ಮಳೆ, ಆಗಸ್ಟ್ ಸಪ್ಟೆಂಬರದಲ್ಲಿ ಬಿರುಗಾಳಿಯ ಭಯ; ಒಕ್ಟೋಬರ ಎಲ್ಲಕ್ಕೂ ಹಿತ. ಒಂದೇ ದಿನ ಕೈಯಲ್ಲಿದ್ದ ಹಡಗದ ಹುಡುಗರು ನೆಲದೊಳಗಿನ ರೇಲ್ವೆಯ ಒಂದನೆಯ ಮಾರ್ಗದಲ್ಲಿ ಜಾಗಾಲ್ಚಿ ನಿಲ್ದಾಣಕ್ಕೆ ಇಳಿಯಲಿ. ಮೀನದ ಪೇಟೆ, ಗುಕ್ಜೆ, ಡಬ್ಬಿ ಪೇಟೆ, ಪುಸ್ತಕದ ಓಣಿ, ಯೊಂಗ್ದೊ ಸೇತುವೆ ಎಲ್ಲವೂ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಗುಡ್ಡದ ವಸತಿಗಳಿಗೆ ಮುಂದಿನ ತೋಸಂಗ್ ನಿಲ್ದಾಣದ ಹೊರಗಿನಿಂದ ಸಣ್ಣ ಬಸ್ಸುಗಳು ಹತ್ತುತ್ತಿರುವವು.