ಮುತ್ಯಾನ ಸೀಸೆ, ಪಪ್ಪಾಯಿ ಹಾಲು

ಮಕ್ಕಳೇ, ಇಂಡಿ, ಸಿಂದಗಿ ಕಡೆ ಬೇಸಿಗೆಯಲ್ಲಿ ಕರೆಂಟು ಹೋದರೆ ನೀವು ಫ್ಯಾನಿಗಾಗಿ ಗೋಳಾಡುತ್ತೀರಿ. ಸಕ್ಕರೆ ಕಾಯಿಲೆ ಇರುವ ಮುತ್ಯಾನಿಗೆ ಬೇರೆಯದೇ ಚಿಂತೆ. ಫ್ರಿಜ್ಜಿನಲ್ಲಿರುವ ಇನ್ಸುಲಿನ್ ಸೀಸೆ ಕಾವೇರಿದರೆ ಔಷಧ ಕೆಡುತ್ತದೆ. ಫ್ರಿಜ್ಜಿಲ್ಲದ ಮನೆಗಳಲ್ಲಿ ಒದ್ದೆ ಮರಳಿನ ನಡುವೆ ಇಟ್ಟ ಸಣ್ಣ ಗಡಿಗೆಯೇ ಅದಕ್ಕೆ ತಂಪು ಜಾಗ. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲೂ ಹೊಟ್ಟೆಗೆ ಸೂಜಿ ಚುಚ್ಚಿಕೊಂಡ ಮೇಲೆಯೇ ರೊಟ್ಟಿಗೆ ಕೂಡುವ ಹಿರಿಯರಿದ್ದಾರೆ.

‘ಮುತ್ಯಾ, ಇದನ್ನ ಯಾರ ಕಂಡುಹಿಡದ್ರು?’ ಎಂದು ಕೇಳಿದ್ದೀರಾ?

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು ನಾಯಿಗಳ ಮೇದೋಜೀರಕ ಗ್ರಂಥಿಯಿಂದ ಇದನ್ನು ತೆಗೆದರು. ಮರುವರ್ಷದ ಜನವರಿಯಲ್ಲಿ ಮೊದಲ ಚುಚ್ಚುಮದ್ದು ಪಡೆದವನು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್. ಎಲುಬಿನ ಹಂದರವಾಗಿದ್ದ ಹುಡುಗ. ಮೊದಲ ಮದ್ದು ಅಷ್ಟೇನೂ ಹಿಡಿಯಲಿಲ್ಲ. ಕೊಲಿಪ್ ಎಂಬ ವಿಜ್ಞಾನಿ ಅದನ್ನು ಇನ್ನಷ್ಟು ಶುದ್ಧ ಮಾಡಿದ ಮೇಲೆ ಹುಡುಗ ಚೇತರಿಸಿಕೊಂಡ. ಮೂವರೂ ತಮ್ಮ ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಮಾರಿಬಿಟ್ಟರು!

ಹಾಗಾದರೆ ಔಷಧ ಎಲ್ಲರಿಗೂ ಅಗ್ಗವಾಗಿ ಸಿಗಬೇಕಿತ್ತಲ್ಲ? ಅಲ್ಲೇ ತೊಡಕು. ಹಂದಿ, ದನಗಳ ಗ್ರಂಥಿಯಿಂದ ಅದನ್ನು ತೆಗೆಯಬೇಕಿತ್ತು. ಸುಮಾರು ಕಾಲು ಕಿಲೋ ಇನ್ಸುಲಿನ್‌ಗೆ ಎರಡು ಟನ್ನಿಗೂ ಹೆಚ್ಚು ಅಂಗಗಳು ಬೇಕು. ಪ್ರಯೋಗಶಾಲೆಯಲ್ಲಿ ಹುಟ್ಟಿದ್ದು ಪೇಟೆಗೆ ಬರಲು ಕಾರ್ಖಾನೆಯೂ ಬೇಕಾಗುತ್ತದೆ.

ಇನ್ನು ಬೆಂಗಳೂರಿಗೆ ಬನ್ನಿ. ಕಿರಣ್ ಮಜುಂದಾರ್ ಎಂಬ ಹುಡುಗಿಗೆ ಡಾಕ್ಟರಾಗುವ ಆಸೆಯಿತ್ತು, ಕೈಗೂಡಲಿಲ್ಲ. ತಂದೆ ಬಿಯರ್ ತಯಾರಿಕೆಯ ಪರಿಣತರು. ಮಗಳೂ ಆಸ್ಟ್ರೇಲಿಯಾಕ್ಕೆ ಹೋಗಿ ಅದೇ ವಿದ್ಯೆ ಕಲಿತು ಬಂದರು. ಆದರೆ ಹೆಣ್ಣುಮಗಳಿಗೆ ಆ ಕೆಲಸ ಕೊಡುವವರು ಇಲ್ಲಿ ಯಾರೂ ಇರಲಿಲ್ಲ. ಆಗ ಐರ್ಲೆಂಡಿನ ಒಂದು ಕಂಪನಿಯ ಜೊತೆ ಸೇರಿ 1978ರಲ್ಲಿ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ‘ಬಯೋಕಾನ್’ ಶುರು ಮಾಡಿದರು. ಬಂಡವಾಳ 10,000 ರೂಪಾಯಿ. ಸಾಲ ಕೇಳಿದರೆ ಬ್ಯಾಂಕಿನವರು ಹಿಂದೆ ಸರಿಯುತ್ತಿದ್ದರು. ಕೇಳುವವರು 25ರ ಹುಡುಗಿ, ಮಾಡುವ ಕೆಲಸ ಏನೆಂದು ತಿಳಿಯದು!

ಮಾಡುತ್ತಿದ್ದ ಸರಕೂ ವಿಚಿತ್ರ. ಎಳೆ ಪಪ್ಪಾಯಿ ಕಾಯಿಗೆ ಗೀರು ಹಾಕಿದರೆ ಬಿಳಿ ಹಾಲು ಸುರಿಯುತ್ತದಲ್ಲ, ಅದರಿಂದ ಪಪೈನ್ ಎಂಬ ಕಿಣ್ವ. ಮಾಂಸ ಮೆತ್ತಗಾಗಲು, ಬಿಯರ್ ತಿಳಿಯಾಗಲು ಅದು ಬೇಕು. (ನೀವು ಗೀರು ಹಾಕಲು ಹೋಗಬೇಡಿ, ಆ ಹಾಲು ಕೈ ಸುಡುತ್ತದೆ.) ಒಂದೇ ವರ್ಷದಲ್ಲಿ ಆ ಕಿಣ್ವ ಅಮೆರಿಕ, ಯುರೋಪಿಗೆ ಹೊರಟಿತು.

ಕಾಕತಾಳೀಯ ನೋಡಿ. ಅದೇ 1978ರಲ್ಲಿ ಅಮೆರಿಕದ ಜೆನೆನ್‌ಟೆಕ್ ಕಂಪನಿಯ ವಿಜ್ಞಾನಿಗಳು ಮನುಷ್ಯರ ಇನ್ಸುಲಿನ್ ಮಾಡುವ ಸೂಚನೆಯನ್ನು ಒಂದು ಬ್ಯಾಕ್ಟೀರಿಯಾದೊಳಗೆ ಇಟ್ಟು, ಅದರಿಂದಲೇ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅದು ಔಷಧವಾಗಿ ಪೇಟೆಗೆ ಬಂತು. ಇನ್ನು ದನ, ಹಂದಿ ಬೇಡ. ದೊಡ್ಡ ತೊಟ್ಟಿ ಇದ್ದರೆ ಸಾಕು.

ತೊಟ್ಟಿಯಲ್ಲಿ ಸೂಕ್ಷ್ಮಜೀವಿ ಬೆಳೆಸುವುದೆಂದರೆ ಬಿಯರ್ ಕಲಿತವರಿಗೆ ಕೈಗೆ ಹತ್ತಿದ ಕೆಲಸ. ದೋಸೆ ಹಿಟ್ಟು ರಾತ್ರಿ ಉಬ್ಬುವುದನ್ನು ಆಯಿಯ ಅಡುಗೆಮನೆಯಲ್ಲಿ ಕಂಡಿದ್ದೀರಲ್ಲ, ಆ ಕಸುಬೇ ದೊಡ್ಡದಾಗಿ ಬೆಳೆದದ್ದು. ಬಯೋಕಾನ್ ‘ಪಿಕಿಯಾ’ ಎಂಬ ಯೀಸ್ಟಿನಲ್ಲಿ ಇನ್ಸುಲಿನ್ ಬೆಳೆಸಿ, 2004ರಲ್ಲಿ ‘ಇನ್ಸುಜೆನ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಆ ವರ್ಷವೇ ಕಂಪನಿಯ ಷೇರುಗಳೂ ಪೇಟೆಗೆ ಬಂದವು. 2021ರಲ್ಲಿ ಅದರ ಇನ್ನೊಂದು ಬಗೆಯ ಇನ್ಸುಲಿನ್, ‘ಸೆಮ್‌ಗ್ಲೀ’, ದುಬಾರಿ ಹೆಸರಾಂತ ಔಷಧದ ಬದಲಿಗೆ ಅಂಗಡಿಯಲ್ಲೇ ಕೊಡಬಹುದೆಂದು ಅಮೆರಿಕದ ಔಷಧ ಇಲಾಖೆ ಒಪ್ಪಿತು. ಇನ್ಸುಲಿನ್‌ಗಳಲ್ಲಿ ಇಂಥ ಒಪ್ಪಿಗೆ ಪಡೆದ ಮೊದಲನೆಯದು ಅದೇ.

ಕಂಪನಿ ಎಂದ ಮೇಲೆ ಲಾಭ ನೋಡುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಒಂದು ಡಾಲರಿಗೆ ಮಾರಿದ ಆ ಮೂವರ ನೆನಪಾಗುತ್ತದೆ. 2019ರಲ್ಲಿ ಬಯೋಕಾನ್, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಿಗೆ ದಿನಕ್ಕೆ 10 ಸೆಂಟಿಗೂ ಕಡಿಮೆ ಬೆಲೆಯಲ್ಲಿ ಇನ್ಸುಲಿನ್ ಕೊಡುವುದಾಗಿ ಘೋಷಿಸಿತು. ಆಗಿನ ಲೆಕ್ಕದಲ್ಲಿ ಸುಮಾರು ಏಳು ರೂಪಾಯಿ.

ಮುತ್ಯಾನ ಸೀಸೆಯ ಮೇಲೆ ಬರೆದ ಬೆಲೆ ಎಷ್ಟು? ಒಂದು ಸೀಸೆ ಎಷ್ಟು ದಿನ ಬರುತ್ತದೆ? ಕೇಳಿ ತಿಳಿದು, ಭಾಗಾಕಾರ ಮಾಡಿ ನೋಡಿ.