ವೆರೋನಾದಲ್ಲಿ ಬೇಸಿಗೆ ತರಬೇತಿ: ವಾರದ ದುಡಿಮೆ, ವಾರಾಂತ್ಯದ ಪ್ರವಾಸ

ಗ್ರಾನೈಟ್ ಹಾಗೂ ಅಮೃತಶಿಲೆಯ ಉದ್ಯಮದಲ್ಲಿ ತೊಡಗಿರುವವರಿಗೆ ಇಟಲಿಯ ವೆರೋನಾ ನಗರ ಅಪರಿಚಿತವಲ್ಲ. ಅಂತಾರಾಷ್ಟ್ರೀಯ ಶಿಲಾ ಮೇಳವಾದ ‘ಮಾರ್ಮೊಮಾಕ್’ ಅಲ್ಲಿಯೇ ನಡೆಯುತ್ತದೆ. ನಗರದ ಸಮೀಪದ ವಾಲ್ಪೊಲಿಚೆಲ್ಲಾ ಪ್ರದೇಶದಲ್ಲಿ ಕಲ್ಲು ಕೊಯ್ಯುವ ಮತ್ತು ಪಾಲಿಶ್ ಮಾಡುವ ಘಟಕಗಳಿವೆ. ಅಂತಹ ಘಟಕವೊಂದಕ್ಕೆ ಮಗನನ್ನೋ ಮಗಳನ್ನೋ ಎರಡು ತಿಂಗಳ ತರಬೇತಿಗೆ ಕಳುಹಿಸಬಯಸುವ ಉದ್ಯಮಿಯನ್ನು ಒಂದು ಸಂದೇಹ ಕಾಡುವುದು ಸಹಜ. ಇಟಲಿಗೆ ಹೋದವರು ಕೆಲಸ ಕಲಿಯುವರೇ, ಊರು ನೋಡುವರೇ? ಯೋಜನೆ ಸರಿಯಿದ್ದಲ್ಲಿ ಎರಡೂ ಸಾಧ್ಯ; ಒಂದು ಇನ್ನೊಂದಕ್ಕೆ ಪೂರಕವೂ ಹೌದು.

ಕಾಲದ ಆಯ್ಕೆ

ನಮ್ಮಲ್ಲಿ ಬೇಸಿಗೆ ಮುಗಿಯುವ ವೇಳೆಗೆ ಅಲ್ಲಿ ಬೇಸಿಗೆ ಆರಂಭವಾಗುತ್ತದೆ. ಆಗಸ್ಟ್ 15 ಇಟಲಿಯಲ್ಲಿ ‘ಫೆರ್ರಾಗೋಸ್ತೊ’ ಎಂಬ ರಾಷ್ಟ್ರೀಯ ರಜೆಯ ದಿನ. ಅದರ ಹಿಂದುಮುಂದಿನ ವಾರಗಳಲ್ಲಿ ಅನೇಕ ಕಾರ್ಖಾನೆಗಳು ಬಾಗಿಲು ಮುಚ್ಚಿರುತ್ತವೆ. ಆದ್ದರಿಂದ ಜೂನ್ ಮತ್ತು ಜುಲೈ ತಿಂಗಳುಗಳೇ ತರಬೇತಿಗೆ ಸೂಕ್ತ. ಪ್ರವಾಸಿ ವೀಸಾದ ಮೇಲೆ ತೆರಳಿ ಕಾರ್ಖಾನೆಯಲ್ಲಿ ತೊಡಗುವುದು ಸಲ್ಲದು. ಉದ್ದೇಶಕ್ಕೆ ತಕ್ಕ ವೀಸಾ ಪಡೆಯಲು ಅಲ್ಲಿನ ಸಂಸ್ಥೆಯ ತರಬೇತಿ ಪತ್ರ ಮುಂತಾದ ದಾಖಲೆಗಳನ್ನು ತಿಂಗಳುಗಳ ಮೊದಲೇ ಸಿದ್ಧಪಡಿಸಿಕೊಳ್ಳಬೇಕು.

ಎಂಟು ವಾರಗಳ ಲೆಕ್ಕ

ಎಂಟು ವಾರಗಳ ತರಬೇತಿಯಲ್ಲಿ ಎಂಟು ವಾರಾಂತ್ಯಗಳು ದೊರೆಯುತ್ತವೆ. ಮೊದಲನೆಯದು ವಸತಿ, ಬಸ್ಸು, ಊಟದ ವ್ಯವಸ್ಥೆಗೆ ಮೀಸಲು. ಕೊನೆಯದು ವರದಿ ಬರೆಯುವುದಕ್ಕೆ. ಉಳಿದ ಆರರಲ್ಲಿ ಮೂರನ್ನು ಸಮೀಪದ ಸ್ಥಳಗಳಿಗೂ ಮೂರನ್ನು ದೂರದ ಸ್ಥಳಗಳಿಗೂ ಒಂದು ಬಿಟ್ಟು ಒಂದರಂತೆ ಹಂಚಿಕೊಳ್ಳುವುದು ಹಿತಕರ. ದೂರದ ಪ್ರಯಾಣವನ್ನು ಶನಿವಾರವೇ ಮುಗಿಸಿ, ಭಾನುವಾರ ಸಂಜೆಯೊಳಗೆ ಕೊಠಡಿ ಸೇರಿರಬೇಕು. ನಿದ್ದೆಗೆಟ್ಟು ಸೋಮವಾರ ಕಲ್ಲು ಕೊಯ್ಯುವ ಯಂತ್ರದ ಮುಂದೆ ನಿಲ್ಲುವುದು ಕೈಗೂ ಜೀವಕ್ಕೂ ಅಪಾಯ. ಇದಲ್ಲದೆ, ಒಬ್ಬ ತರಬೇತುದಾರನ ಅಶಿಸ್ತು ಅವನ ನಂತರ ಬರಬೇಕಾದವನ ಅವಕಾಶಕ್ಕೂ, ಎರಡು ಸಂಸ್ಥೆಗಳ ನಡುವಿನ ವ್ಯಾಪಾರ ವಿಶ್ವಾಸಕ್ಕೂ ಧಕ್ಕೆ ತರಬಲ್ಲದು.

ನೋಡತಕ್ಕ ತಾಣಗಳು

ವೆರೋನಾ ನಗರದ ನಡುವೆಯೇ ಕ್ರಿ.ಶ. 1ನೇ ಶತಮಾನದ ರೋಮನ್ ರಂಗಭೂಮಿ ‘ಅರೇನಾ’ ಇದೆ. ವಾಲ್ಪೊಲಿಚೆಲ್ಲಾದ ಗುಲಾಬಿ ಮತ್ತು ಬಿಳಿ ಸುಣ್ಣಶಿಲೆ ಇದರಲ್ಲಿ ಬಳಕೆಯಾಗಿದೆ. 1117ರ ಭೂಕಂಪದಲ್ಲಿ ಹೊರಗೋಡೆ ಬಹುಪಾಲು ಕುಸಿದು, ಈಗ ನಾಲ್ಕು ಕಮಾನುಗಳಷ್ಟೇ ಉಳಿದಿವೆ. ಒಳಭಾಗ ಇಂದಿಗೂ ಗಟ್ಟಿಯಾಗಿದ್ದು, 1913ರಲ್ಲಿ ಆರಂಭವಾದ ಬೇಸಿಗೆಯ ಸಂಗೀತನಾಟಕ ಉತ್ಸವ ಅಲ್ಲಿಯೇ ನಡೆಯುತ್ತದೆ. ವಾರವಿಡೀ ಕಲ್ಲಿನ ಚಪ್ಪಡಿಗಳ ನಡುವೆ ಇದ್ದವರು, ಅದೇ ಪ್ರದೇಶದ ಕಲ್ಲು ಎರಡು ಸಾವಿರ ವರ್ಷಗಳ ಮಳೆ ಬಿಸಿಲಿಗೆ ಹೇಗೆ ಸವೆದಿದೆ, ಯಾವ ಅಂಚು ಮೊದಲು ಒಡೆದಿದೆ ಎಂಬುದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಇಂತಹ ಪಾಠ ಯಾವ ಪ್ರಯೋಗಶಾಲೆಯಲ್ಲಿಯೂ ದೊರೆಯದು.

ಗಾರ್ದಾ ಸರೋವರದ ಸಿರ್ಮಿಯೋನೆಯಲ್ಲಿರುವ ರೋಮನ್ ಭವನದ ಅವಶೇಷಗಳನ್ನೂ, ಬ್ರೆಶ್ಯಾ ನಗರದಲ್ಲಿ ಕ್ರಿ.ಶ. 73ರಲ್ಲಿ ನಿರ್ಮಾಣಗೊಂಡ ದೇವಾಲಯವನ್ನೂ ಒಂದೊಂದು ದಿನದಲ್ಲಿ ನೋಡಿ ಬರಬಹುದು. ದೂರದ ತಾಣಗಳಲ್ಲಿ ರವೆನ್ನಾ ಮುಖ್ಯವಾದುದು. ಅಲ್ಲಿ 5 ಮತ್ತು 6ನೇ ಶತಮಾನಗಳ ಮೊಸಾಯಿಕ್ ಚಿತ್ರಗಳಿರುವ ಕಟ್ಟಡಗಳು 1996ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೊಲೋನ್ಯಾ ಮಾರ್ಗವಾಗಿ ರೈಲಿನಲ್ಲಿ ಅಲ್ಲಿಗೆ ತಲುಪಬಹುದು.

ಖರ್ಚು ಮತ್ತು ಎಚ್ಚರಿಕೆ

ವೇಗದ ರೈಲುಗಳಿಗಿಂತ ಪ್ರಾದೇಶಿಕ ರೈಲುಗಳ ದರ ಕಡಿಮೆ. ಅವುಗಳ ಕಾಗದದ ಟಿಕೆಟಿಗೆ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಂಡೇ ಹತ್ತಬೇಕು. ಇಲ್ಲವಾದರೆ ದಂಡ ತೆರಬೇಕಾದೀತು. ತಿಂಗಳ ಮೊದಲ ಭಾನುವಾರ ಸರಕಾರಿ ವಸ್ತುಸಂಗ್ರಹಾಲಯಗಳಿಗೆ ಪ್ರವೇಶ ಉಚಿತ. ಚರ್ಚುಗಳಲ್ಲಿ ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಅಗತ್ಯ. ಬಿಸಿಲು ತೀವ್ರವಾಗಿರುವುದರಿಂದ ಬೆಳಗಿನ ವೇಳೆಯೇ ಲೇಸು.

ಕಳುಹಿಸುವ ಉದ್ಯಮಿಯು ಹೊರಡುವ ಮೊದಲೇ ಒಂದು ನಿಬಂಧನೆ ವಿಧಿಸುವುದು ಒಳಿತು. ಪ್ರತಿ ವಾರ ಕಾರ್ಖಾನೆಯಲ್ಲಿ ಕಲಿತುದರ ಬಗ್ಗೆ ಒಂದು ಪುಟ, ಕಂಡ ತಾಣದಲ್ಲಿನ ಕಲ್ಲಿನ ಬಗ್ಗೆ ಒಂದು ಪುಟ ಬರೆದು ಕಳುಹಿಸಬೇಕು. ಹದಿನಾರು ಪುಟಗಳ ಆ ವರದಿಯನ್ನು ಮುಂದೆ ತಮ್ಮ ಘಟಕದಲ್ಲಿ ತೆರೆದು ನೋಡುವ ಸಂದರ್ಭ ಬಂದರೆ, ತರಬೇತಿಗೆ ಮಾಡಿದ ವೆಚ್ಚ ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.