ತಾತ ಮಾರಿದ ರೆಕಾರ್ಡ್, ನಾನು ಹುಡುಕುವ ಹಾಡು

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಮ್ಮ ಹಾಸ್ಟೆಲ್‌ನಲ್ಲಿ ಎದ್ದಿರುವವನು ನಾನೊಬ್ಬನೇ. ಮೊದಮೊದಲು ರೂಮ್‌ಮೇಟ್‌ಗಳು ಮುಸುಕಿನೊಳಗಿಂದಲೇ ‘ಜಿಮ್ಮಾ ಮಗಾ?’ ಎಂದು ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ಬೆನ್ನಿಗೆ ಖಾಲಿ ಬ್ಯಾಗು, ಜೇಬಿನಲ್ಲಿ ಮುನ್ನೂರು ರೂಪಾಯಿ, ಕೈಯಲ್ಲಿ ಟಾರ್ಚ್ ಇರುವ ಮೊಬೈಲು. ಮೆಜೆಸ್ಟಿಕ್‌ನಲ್ಲಿ ಇಳಿದು ಚಿಕ್ಕಪೇಟೆಯ ಸಂಡೆ ಬಜಾರ್‌ಗೆ ನಡೆದರೆ ಸಾಕು, ಕೆಟ್ಟ ಮಿಕ್ಸಿ, ಒಂಟಿ ಶೂ, ತುಕ್ಕು ಹಿಡಿದ ಸ್ಪ್ಯಾನರ್, ಯಾರದೋ ಮದುವೆಯ ಫೋಟೊ ಫ್ರೇಮ್ ಎಲ್ಲವೂ ರಸ್ತೆಯ ಮೇಲೆ ಹರಡಿರುತ್ತವೆ. ನಾನು ಕೇಳುವುದು ಒಂದೇ ಪ್ರಶ್ನೆ: ‘ಅಣ್ಣಾ, ರೆಕಾರ್ಡ್ ಇದ್ಯಾ? ಕನ್ನಡದ್ದು, ಚಿಕ್ಕದು?’

ಚಿಕ್ಕದು ಎಂದರೆ ಏಳು ಇಂಚಿನ ವಿನೈಲ್ ತಟ್ಟೆ. ನಿಮಿಷಕ್ಕೆ 45 ಸುತ್ತು ತಿರುಗುತ್ತದೆ. ಈ ಅಳತೆಯ ತಟ್ಟೆಯನ್ನು 1949ರಲ್ಲಿ ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿ ಮಾರುಕಟ್ಟೆಗೆ ತಂದಿತು. ಅಲ್ಲಿ ಸಾಮಾನ್ಯವಾಗಿ ಒಂದು ಬದಿಗೆ ಒಂದು ಹಾಡು. ನಮ್ಮ ಸಿನಿಮಾಗಳಿಗೆ ಹೆಚ್ಚಾಗಿ ಬಂದದ್ದು ಇ.ಪಿ., ಅಂದರೆ ಬದಿಗೆ ಎರಡರಂತೆ ನಾಲ್ಕು ಹಾಡು. ಇಡೀ ಎಲ್‌.ಪಿ. ಕೊಳ್ಳಲಾಗದವರಿಗೆ ಅದೇ ಸಿನಿಮಾ, ಅದೇ ಜಾತ್ರೆ, ಅದೇ ಮದುವೆ ಮನೆ.

ಈ ಹುಚ್ಚು ನನಗೆ ಹತ್ತಿದ್ದು ಒಂದು ನೋಟ್‌ಬುಕ್ಕಿನಿಂದ.

ತಿಪಟೂರಿನ ಹತ್ತಿರದ ನಮ್ಮ ಊರಿನಲ್ಲಿ ಈಗಲೂ ನಮ್ಮ ಮನೆಯನ್ನು ‘ಮೈಕ್‌ಸೆಟ್ನೋರ ಮನೆ’ ಎಂದೇ ಕರೆಯುತ್ತಾರೆ. ತಾತ 1973ರಲ್ಲಿ ಸಾಲ ಮಾಡಿ ಒಂದು ಆಂಪ್ಲಿಫೈಯರ್, ಎರಡು ಹಾರ್ನ್, ಒಂದು ರೆಕಾರ್ಡ್ ಪ್ಲೇಯರ್ ತಂದಿದ್ದರು. ಸುತ್ತಲಿನ ಹಳ್ಳಿಗಳ ಮದುವೆ, ಗೃಹಪ್ರವೇಶ, ಜಾತ್ರೆ, ಚುನಾವಣೆ ಎಲ್ಲಕ್ಕೂ ಸೈಕಲ್ ಮೇಲೆ, ಆಮೇಲೆ ಎತ್ತಿನ ಗಾಡಿಯಲ್ಲಿ ಹೊತ್ತು ಹೋಗುತ್ತಿದ್ದರು. ಪಿಯುಸಿ ರಜೆಯಲ್ಲಿ ಅಟ್ಟ ಗುಡಿಸುವಾಗ ನನಗೆ ಸಿಕ್ಕಿದ್ದು ಅವರ ಲೆಕ್ಕದ ಪುಸ್ತಕ. ಅದರಲ್ಲಿ 214 ರೆಕಾರ್ಡ್‌ಗಳ ಪಟ್ಟಿ ಇತ್ತು. ರೆಕಾರ್ಡ್ ಮಾತ್ರ ಒಂದೂ ಇರಲಿಲ್ಲ.

ಪಟ್ಟಿ ಎಂದರೆ ಬರೀ ಹೆಸರಲ್ಲ. ‘ಗೆಜ್ಜೆಪೂಜೆ’, ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’, ‘ನಾಗರಹಾವು’, ‘ಗಂಧದ ಗುಡಿ’ – ಒಂದೊಂದರ ಮುಂದೆಯೂ ತಾತನ ಟಿಪ್ಪಣಿ: ‘ಜಾತ್ರೆಗೆ’, ‘ಊಟದ ಹೊತ್ತಿಗೆ’, ‘ಎರಡು ಸಲ ಕೇಳ್ತಾರೆ’. ‘ಎರಡು ಕನಸು’ ಎದುರಿಗೆ ‘ಒಂದು ಹಾಡು ಮದುವೆಗೆ ಬೇಡ’ ಎಂಬ ಎಚ್ಚರಿಕೆ. ಅದನ್ನು ಓದುತ್ತಾ ಹೋದರೆ ಕನ್ನಡ ಚಿತ್ರಸಂಗೀತದ ಚರಿತ್ರೆಯೇ ಕಾಣುತ್ತದೆ. ಮೊದಲ ಪುಟಗಳಲ್ಲಿ ರಾಜ್‌ಕುಮಾರ್ ಚಿತ್ರಗಳ ಮುಂದೆ ಗಾಯಕರ ಹೆಸರು ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ಆದ ಮೇಲೆ ನಿಧಾನವಾಗಿ ‘ಹಾಡಿದ್ದು: ರಾಜ್‌ಕುಮಾರ್’ ಎಂದು ಬರತೊಡಗುತ್ತದೆ. ಸಂಗೀತದ ಜಾಗದಲ್ಲಿ ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ. ಕೊನೆಯ ಪುಟಗಳಲ್ಲಿ ‘ಗೀತಾ’ ಚಿತ್ರದ ಮುಂದೆ ಇಳಯರಾಜ. ಅದೇ ಇಳಯರಾಜ ಒಂದು ಕಾಲಕ್ಕೆ ಜಿ.ಕೆ. ವೆಂಕಟೇಶರ ಸಹಾಯಕರಾಗಿದ್ದರು ಎಂದು ಆಮೇಲೆ ಓದಿದಾಗ, ಆ ನೋಟ್‌ಬುಕ್ಕಿನ ಮೊದಲ ಪುಟವೂ ಕೊನೆಯ ಪುಟವೂ ಕೈ ಹಿಡಿದುಕೊಂಡಂತೆ ಅನಿಸಿತು.

‘ತಾತ, ರೆಕಾರ್ಡೆಲ್ಲ ಎಲ್ಲಿ?’ ಎಂದೆ.

‘ಮಾರ್ಬಿಟ್ಟೆ ಕಣಪ್ಪ’ ಎಂದರು, ತೆಂಗಿನಕಾಯಿ ಮಾರಿದಷ್ಟೇ ಸಲೀಸಾಗಿ. ಕ್ಯಾಸೆಟ್ ಬಂದ ಮೇಲೆ ರೆಕಾರ್ಡ್ ಕೇಳುವವರಿರಲಿಲ್ಲ. 1992ರಲ್ಲಿ ಅಪ್ಪನಿಗೆ ಡಿಪ್ಲೊಮಾ ಸೀಟು ಸಿಕ್ಕಿತು. ಫೀಸು ಕಟ್ಟಲು ಒಂದು ರೆಕಾರ್ಡಿಗೆ ಮೂರು ರೂಪಾಯಿಯಂತೆ ಎಲ್ಲವನ್ನೂ ಕೊಟ್ಟು, ಪ್ಲೇಯರನ್ನೂ ಜೊತೆಗೆ ಕಳಿಸಿದರು. ಅಪ್ಪ ಓದಿ, ತುಮಕೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ, ಇವತ್ತು ನನ್ನನ್ನು ಬಿ.ಇ. ಓದಿಸುತ್ತಿದ್ದಾರೆ.

ಆ ಪಟ್ಟಿಯನ್ನು ಮತ್ತೆ ತುಂಬಿಸಬೇಕು ಎಂದು ನಾನು ಹೊರಟೆ. ಹುಮ್ಮಸ್ಸಿನಲ್ಲಿ ಹೊರಟವನು ಒಂದು ತಪ್ಪನ್ನೂ ಮಾಡಿದೆ. ಮೂರನೇ ಸೆಮಿಸ್ಟರ್‌ನಲ್ಲಿ ಪರೀಕ್ಷಾ ಶುಲ್ಕಕ್ಕೆಂದು ಅಪ್ಪ ಖಾತೆಗೆ ಹಾಕಿದ್ದ ದುಡ್ಡಿನಲ್ಲಿ 2,400 ರೂಪಾಯಿ ಕೊಟ್ಟು ಒಬ್ಬರ ಹತ್ತಿರ ಒಂದು ಕಟ್ಟು ರೆಕಾರ್ಡ್ ತಂದೆ. ಬಿಚ್ಚಿ ನೋಡುವ ವ್ಯವಧಾನವೂ ಇರಲಿಲ್ಲ. ರಾತ್ರಿ ರೂಮಿನಲ್ಲಿ ಬಿಚ್ಚಿದರೆ 22ರಲ್ಲಿ ಒಂಬತ್ತು ಬಿಸಿಲಿಗೆ ಸಿಕ್ಕಿ ಹಪ್ಪಳದಂತೆ ಬಾಗಿದ್ದವು. ನಾಲ್ಕರ ಕವರ್ ಒಂದು, ಒಳಗಿನ ತಟ್ಟೆ ಇನ್ನೊಂದು. ಶುಲ್ಕ ಕಟ್ಟುವ ದಿನ ಮುಗಿಯಿತು, ದಂಡ ಬಿತ್ತು, ಅಪ್ಪನಿಗೆ ಹೇಳಲೇಬೇಕಾಯಿತು.

ಅಪ್ಪ ಬೈಯಲಿಲ್ಲ. ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಓದಲಿ ಅಂತ ನಿಮ್ಮ ತಾತ ರೆಕಾರ್ಡ್ ಮಾರಿದ್ರು. ನೀನು ಓದೋ ದುಡ್ಡಲ್ಲಿ ರೆಕಾರ್ಡ್ ತರ್ತಿದ್ದೀಯ’ ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಆ ವಾರವೇ ರೆಕಾರ್ಡುಗಳನ್ನು ಕಟ್ಟಿ ಮಂಚದ ಕೆಳಗೆ ತಳ್ಳಿದೆ. ಎರಡು ತಿಂಗಳು ಮುಟ್ಟಲಿಲ್ಲ. ಆಮೇಲೆ ಹಾಸ್ಟೆಲ್ ಪಕ್ಕದ ಮನೆಯ ಇಬ್ಬರು ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡಲು ಶುರು ಮಾಡಿದೆ. ಆ ದುಡ್ಡಿನಲ್ಲಿ ಮೊದಲು ಅಪ್ಪನ 2,400 ರೂಪಾಯಿ ಮತ್ತು ದಂಡದ ಹಣ ವಾಪಸ್ ಹಾಕಿದೆ. ನಂತರ ನನಗೆ ನಾನೇ ಎರಡು ನಿಯಮ ಮಾಡಿಕೊಂಡೆ: ತಿಂಗಳಿಗೆ ಮುನ್ನೂರು ರೂಪಾಯಿ ದಾಟಬಾರದು. ನೋಟ್‌ಬುಕ್ಕಿನ ಪಟ್ಟಿಯಲ್ಲಿ ಇಲ್ಲದ್ದನ್ನು ಕೊಳ್ಳಬಾರದು.

ದುಡ್ಡು ಕಡಿಮೆಯಾದಾಗ ಕಣ್ಣು ಚುರುಕಾಗುತ್ತದೆ. ಈಗ ರೆಕಾರ್ಡನ್ನು ಟಾರ್ಚ್ ಬೆಳಕಿಗೆ ಓರೆಯಾಗಿ ಹಿಡಿಯುತ್ತೇನೆ. ಗೀರು ಉಗುರಿಗೆ ತಾಗಿದರೆ ಕಿವಿಗೂ ತಾಗುತ್ತದೆ ಎಂದೇ ಅರ್ಥ. ಕಣ್ಣಿನ ಮಟ್ಟಕ್ಕೆ ಹಿಡಿದು ಬಾಗಿದೆಯಾ ನೋಡುತ್ತೇನೆ. ಕವರ್ ಮೇಲಿನ ಹೆಸರೂ ಲೇಬಲ್ ಮೇಲಿನ ಹೆಸರೂ ಒಂದೇನಾ ಎಂದು ನೋಡುವುದಂತೂ 2,400 ರೂಪಾಯಿ ಕೊಟ್ಟು ಕಲಿತ ಪಾಠ. ಧೂಳಿಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್‌ನ ಒಂದು ಹನಿ ಹಾಕಿ, ಲೇಬಲ್ ನೆನೆಯದಂತೆ, ಗೆರೆಗಳ ಗುಂಟವೇ ಮೆತ್ತಗೆ ಒರೆಸಿದರೆ ಸಾಕು. ಇನ್ನೂ ಹಳೆಯ, ಭಾರದ 78 ಸುತ್ತಿನ ತಟ್ಟೆ ಸಿಕ್ಕರೆ ಅದು ಅರಗಿನದು. ಅದಕ್ಕೆ ಸ್ಪಿರಿಟ್ ತಾಗಿಸಿದರೆ ಕರಗಿಯೇ ಹೋಗುತ್ತದೆ. ಯಾವುದನ್ನೂ ಒಂದರ ಮೇಲೊಂದು ಪೇರಿಸಬಾರದು, ಪುಸ್ತಕದಂತೆ ನಿಲ್ಲಿಸಿಡಬೇಕು.

ಕೇಳಲು ಪ್ಲೇಯರ್ ಬೇಕಲ್ಲ? ಗೆಳೆಯನ ಸೋದರಮಾವನ ಮನೆಯ ಮೂಲೆಯಲ್ಲಿ ಒಂದು ಕೆಟ್ಟು ಕೂತಿತ್ತು. ಬೆಲ್ಟ್ ಹೊಸದು ಹಾಕಿದಾಗ ತಿರುಗಿತು, ಆದರೆ ದನಿ ಸೊಳ್ಳೆಯ ದನಿ. ಇಲ್ಲಿ ನನ್ನ ಎಲೆಕ್ಟ್ರಾನಿಕ್ಸ್ ಪಠ್ಯ ಮೊದಲ ಸಲ ಬದುಕಿಗೆ ಬಂತು. ತಗ್ಗಿನ ದನಿಗೆ ಗೆರೆ ಅಗಲವಾಗಿ ಓಲಾಡುತ್ತದೆ, ಜಾಗ ತಿನ್ನುತ್ತದೆ. ಅದಕ್ಕೆ ರೆಕಾರ್ಡ್ ಕೊರೆಯುವಾಗಲೇ ತಗ್ಗಿನ ದನಿಯನ್ನು ಕುಗ್ಗಿಸಿ, ಏರುದನಿಯನ್ನು ಹಿಗ್ಗಿಸಿರುತ್ತಾರೆ. ಕೇಳುವಾಗ ಸರಿಯಾಗಿ ಅದರ ಉಲ್ಟಾ ಮಾಡಬೇಕು. ಹೀಗೆ ಮಾಡಿದರೆ ತಟ್ಟೆಯ ಸರಸರ ಸದ್ದೂ ತಗ್ಗುತ್ತದೆ. 1950ರ ದಶಕದಿಂದ ಎಲ್ಲರೂ ಒಪ್ಪಿದ ಈ ಅಳತೆಗೆ ಆರ್‌ಐಎಎ ಕರ್ವ್ ಎನ್ನುತ್ತಾರೆ. ಮುಳ್ಳಿನಿಂದ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಒಂದು ಆಪ್-ಆಂಪ್ ಐಸಿ, ಒಂದಷ್ಟು ರೆಸಿಸ್ಟರ್, ಕೆಪಾಸಿಟರ್ ಹಾಕಿ ಪ್ರಿ-ಆಂಪ್ಲಿಫೈಯರ್ ಕಟ್ಟಿದೆ. ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ಅದೇ ಆಯಿತು. ಫಿಲ್ಟರ್ ಎಂದರೆ ಪರೀಕ್ಷೆಗೆ ಬರುವ ಹತ್ತು ಮಾರ್ಕ್ಸಿನ ಪ್ರಶ್ನೆ ಎಂದಷ್ಟೇ ತಿಳಿದಿದ್ದವನಿಗೆ, ಅದು ಎಸ್. ಜಾನಕಿಯವರ ದನಿಯನ್ನು ವಾಪಸ್ ತರುವ ದಾರಿ ಎಂದು ಆಗ ಗೊತ್ತಾಯಿತು.

ಈ ಹುಡುಕಾಟ ನಮ್ಮಲ್ಲಿ ಮಾತ್ರ ಇಲ್ಲ. ಬ್ರಿಟನ್ನಿನಲ್ಲಿ ‘ಲೈಬ್ರರಿ ಮ್ಯೂಸಿಕ್’ ರೆಕಾರ್ಡ್ ಹುಡುಕುವವರಿದ್ದಾರೆ. ಡಿ ವೋಲ್ಫ್, ಕೆಪಿಎಂ ಮುಂತಾದ ಕಂಪನಿಗಳು ಓಟದ ದೃಶ್ಯಕ್ಕೆ, ಸುದ್ದಿಗೆ, ಕ್ರೀಡೆಗೆ ಎಂದು ಸಂಗೀತವನ್ನು ಮೊದಲೇ ಸಿದ್ಧಮಾಡಿ, ಟೀವಿ, ರೇಡಿಯೊ, ಸಿನಿಮಾದವರಿಗೆ ಮಾತ್ರ ರೆಕಾರ್ಡ್ ಕಳಿಸುತ್ತಿದ್ದವು. ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಬಿಬಿಸಿಯ ವಿಂಬಲ್ಡನ್ ಪ್ರಸಾರಕ್ಕೆ ಗುರುತಾದ ಕೀತ್ ಮ್ಯಾನ್ಸ್‌ಫೀಲ್ಡ್ ಅವರ ಸಂಗೀತ ಅಂಥದ್ದೇ. ಕೇಳಿದವರು ಕೋಟಿ ಜನ, ಬರೆದವರ ಹೆಸರು ಗೊತ್ತಿದ್ದವರು ಕೆಲವರು. ತಾತನ ರೆಕಾರ್ಡ್‌ಗಳೂ ಹಾಗೆಯೇ ಎಂದು ನನಗೆ ಹೊಳೆದದ್ದು ಆಗ. ಅವು ಷೋಕೇಸಿನ ವಸ್ತುಗಳಲ್ಲ, ದುಡಿದು ಸವೆದ ಸಾಮಾನುಗಳು. ಕತ್ತಿ, ಗುದ್ದಲಿ ಇದ್ದ ಹಾಗೆ.

ನನಗೆ ಸಿಗುವ ಒಂದೊಂದು ರೆಕಾರ್ಡಿನ ಲೇಬಲ್ಲನ್ನೂ ನಾನು ಮೊದಲು ನೋಡುವುದು ಒಂದೇ ಕಾರಣಕ್ಕೆ. ತಾತ ತಮ್ಮ ಪ್ರತಿ ತಟ್ಟೆಯ ಮೇಲೂ ಕೆಂಪು ಇಂಕಿನಲ್ಲಿ ನಂಬರ್ ಬರೆಯುತ್ತಿದ್ದರಂತೆ. ಎರಡು ವರ್ಷದಲ್ಲಿ ಪಟ್ಟಿಯ 31 ರೆಕಾರ್ಡ್ ಸಿಕ್ಕಿವೆ. ಕೆಂಪು ನಂಬರ್ ಒಂದರಲ್ಲೂ ಇಲ್ಲ. ಆದರೆ ಬೇರೆ ಗುರುತುಗಳಿವೆ. ಒಂದರ ಮೇಲೆ ಯಾವುದೋ ಊರಿನ ಸೌಂಡ್ ಸರ್ವಿಸ್‌ನ ರಬ್ಬರ್ ಸ್ಟ್ಯಾಂಪ್. ಒಂದರ ಮೇಲೆ ಹೋಟೆಲಿನ ಹೆಸರು. ಒಂದರ ಕವರಿನ ಹಿಂದೆ ‘ಪ್ರೀತಿಯ ತಂಗಿಯ ಮದುವೆಗೆ, ಅಣ್ಣ’. ಅವನ್ನೂ ಯಾರೋ ಯಾವುದೋ ಫೀಸಿಗೆ, ಆಸ್ಪತ್ರೆಗೆ, ಮನೆ ಖಾಲಿ ಮಾಡುವ ದಿನಕ್ಕೆ ಮಾರಿರಬೇಕು. ತಾತನ ರೆಕಾರ್ಡೂ ಹೀಗೇ ಇನ್ಯಾರದೋ ರೂಮಿನಲ್ಲಿ, ಇನ್ಯಾವನೋ ಹುಡುಗನ ಕೈಯಲ್ಲಿ ಇರಬಹುದು. ಹಾಗಂದುಕೊಂಡ ಮೇಲೆ ಬೇರೆಯವರ ಗುರುತನ್ನು ಉಜ್ಜಿ ತೆಗೆಯುವುದನ್ನು ಬಿಟ್ಟಿದ್ದೇನೆ.

ಕಳೆದ ದೀಪಾವಳಿಗೆ ಪ್ಲೇಯರನ್ನೂ ನನ್ನ ಡಬ್ಬಿಯನ್ನೂ ಊರಿಗೆ ಒಯ್ದೆ. ತಾತನಿಗೆ ಈಗ ಎಪ್ಪತ್ತೈದು. ‘ಗಂಧದ ಗುಡಿ’ ಹಾಕಿದೆ. ಅವರ ಕಣ್ಣಲ್ಲಿ ನೀರು ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ತಾತ ಅರ್ಧ ನಿಮಿಷ ಕೇಳಿ, ‘ಸ್ಪೀಡು ಜಾಸ್ತಿ ಐತೆ ಕಣೋ’ ಎಂದರು!

ನನಗೆ ಅವಮಾನ. ಆದರೂ ಪರೀಕ್ಷಿಸಿದೆ. 133 ಗೆರೆಗಳ ಒಂದು ಕಾಗದದ ಚಕ್ರ ಪ್ರಿಂಟ್ ಮಾಡಿಸಿಟ್ಟುಕೊಂಡಿದ್ದೆ. ನಮ್ಮ ಕರೆಂಟು 50 ಹರ್ಟ್ಸ್, ಹಳೆಯ ಚೋಕ್ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ತಟ್ಟೆ ಸರಿಯಾಗಿ 45ರಲ್ಲಿ ತಿರುಗಿದರೆ ಆ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಾಣಬೇಕು. ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಇಟ್ಟೆ. ಗೆರೆಗಳು ಮುಂದಕ್ಕೆ ಓಡುತ್ತಿದ್ದವು. ಮೋಟರಿನ ಪ್ರಿಸೆಟ್ಟನ್ನು ಕೂದಲೆಳೆಯಷ್ಟು ತಿರುಗಿಸಿದಾಗ ನಿಂತವು. ಹದಿನೆಂಟು ವರ್ಷ ರಾತ್ರಿಯೆಲ್ಲ ಹಾರ್ನ್ ಪಕ್ಕ ಕೂತ ಕಿವಿಗೆ ಗೆರೆಗಳ ಹಂಗಿರಲಿಲ್ಲ.

‘ಈಗ ಸರಿ’ ಎಂದರು ತಾತ. ಅಷ್ಟೇ. ಎದ್ದು ಹಸುವಿಗೆ ಹುಲ್ಲು ಹಾಕಲು ಹೋದರು. ಆ ಹಾಡುಗಳನ್ನು ಸಾವಿರ ಸಲ ಕೇಳಿ ಸಾಕಾಗಿದೆ ಎಂದು ಹೋಗುವಾಗ ಹೇಳಿದರು.

ಕೊನೆಗೆ ಕೂತು ಕೇಳಿದ್ದು ಅಪ್ಪ. ಕಾರ್ಖಾನೆಯಿಂದ ಬಂದವರು ಬಟ್ಟೆಯನ್ನೂ ಬದಲಾಯಿಸದೆ ಬಾಗಿಲಲ್ಲಿ ನಿಂತರು, ಆಮೇಲೆ ಚಾಪೆಯ ಮೇಲೆ ಕೂತರು. ನೋಟ್‌ಬುಕ್ಕು ಎತ್ತಿಕೊಂಡು ಹಾಳೆ ತಿರುವಿದರು. 140ನೇ ನಂಬರಿನಿಂದ ಮುಂದೆ ಅಕ್ಷರ ಬೇರೆಯಾಗಿರುವುದನ್ನು ನಾನು ಗಮನಿಸಿದ್ದೆ, ದುಂಡಗಿನ ಶಾಲೆಯ ಹುಡುಗನ ಅಕ್ಷರ. ಯಾರದೆಂದು ಕೇಳಿರಲಿಲ್ಲ.

‘ಇದು ನಾನು ಬರೆದಿದ್ದು. ನಾಲ್ಕನೇ ಕ್ಲಾಸು’ ಎಂದರು ಅಪ್ಪ.

ಎಷ್ಟು ಸಿಕ್ಕಿವೆ ಎಂದು ಕೇಳಿದರು. ಮೂವತ್ತೊಂದು ಎಂದೆ. ಜೇಬಿನಿಂದ ಪೆನ್ನು ತೆಗೆದು, ‘ನಂಬರ್ ಹೇಳು’ ಎಂದರು. ನಾನು ಒಂದೊಂದೇ ರೆಕಾರ್ಡ್ ಎತ್ತಿ ನಂಬರ್ ಹೇಳುತ್ತಾ ಹೋದೆ. ಅಪ್ಪ ಒಂದೊಂದಕ್ಕೂ ಟಿಕ್ ಹಾಕುತ್ತಾ ಹೋದರು.